ಪುಟ್ಟ ಸೆಡಾನ್: ಬೆಲೆ ಮತ್ತು ವೆಚ್ಚ

ಕಾರಿನ ಬೆಲೆ ಒಂದು, ಅದನ್ನು ಇಟ್ಟುಕೊಂಡು ಓಡಿಸುವ ವೆಚ್ಚ ಇನ್ನೊಂದು. ಎರಡನ್ನೂ ಕೂಡಿಸಿ ಎಣಿಸುವ ಬಗೆಯನ್ನು ಈಗ ನೋಡೋಣ.

ಹಿಂದೆ ಪ್ರತ್ಯೇಕ ಡಿಕ್ಕಿಯುಳ್ಳ ಕಾರಿಗೆ ಸೆಡಾನ್ ಎಂದು ಹೆಸರು. 2006ರಲ್ಲಿ ಭಾರತ ಸರ್ಕಾರವು ನಾಲ್ಕು ಮೀಟರು ಉದ್ದವನ್ನು ಮೀರದ, ಸಣ್ಣ ಎಂಜಿನಿನ ಕಾರುಗಳ ಸುಂಕವನ್ನು ಇಳಿಸಿತು. ಆ ಮಿತಿಗೆ ಹೊಂದುವಂತೆ ತಯಾರಕರು ಡಿಕ್ಕಿಯನ್ನು ಮೊಟಕುಗೊಳಿಸಿದರು. 2024ರಲ್ಲಿ ಹೊಸ ರೂಪ ತಳೆದ ಮಾರುತಿ ಡಿಜೈರ್, ಹೋಂಡಾ ಅಮೇಜ್ ಎರಡರ ಉದ್ದವೂ 3,995 ಮಿಲಿಮೀಟರು. ಎಂಜಿನಿನ ಗಾತ್ರವೂ ಬಹುಮಟ್ಟಿಗೆ ಒಂದೇ. ಆದರೆ ಡಿಜೈರಿನಲ್ಲಿ ಮೂರು ಸಿಲಿಂಡರುಗಳು, ಅಮೇಜಿನಲ್ಲಿ ನಾಲ್ಕು. ಸಾಮಾನ್ಯವಾಗಿ ಮೂರಾದರೆ ಘರ್ಷಣೆಯ ನಷ್ಟ ಕಡಮೆ. ನಾಲ್ಕಾದರೆ ಅದುರು ಕಡಮೆ.

ಕೈಯಿಂದ ಗೇರು ಬದಲಿಸುವ ಮಾದರಿಗಳಲ್ಲಿ, ತಯಾರಕರ ಹೇಳಿಕೆಯಂತೆ, ಲೀಟರು ಪೆಟ್ರೋಲಿಗೆ ಡಿಜೈರ್ 24.79 ಕಿ.ಮೀ., ಅಮೇಜ್ 18.65 ಕಿ.ಮೀ. ಓಡುತ್ತವೆ. ವರ್ಷಕ್ಕೆ 10,000 ಕಿ.ಮೀ. ಓಡಿಸಲು ಕ್ರಮವಾಗಿ 403 ಮತ್ತು 536 ಲೀಟರು ಬೇಕು. ಅಂತರ 133 ಲೀಟರು. ವರ್ಷಕ್ಕೆ 3,000 ಕಿ.ಮೀ. ಮಾತ್ರ ಓಡಿಸುವವರಿಗೆ ಅಂತರ ಕೇವಲ 40 ಲೀಟರು. ಪೇಟೆಯ ದಟ್ಟಣೆಯಲ್ಲಿ ಈ ಅಂಕಿಗಳು ಕೈಗೆ ಸಿಗವು. ಬ್ರೇಕು ಒತ್ತಿದಾಗಲೆಲ್ಲ ಗಾಡಿಯ ಚಲನಶಕ್ತಿಯು ಶಾಖವಾಗಿ ವ್ಯರ್ಥವಾಗುವುದೇ ಇದಕ್ಕೆ ಒಂದು ಮುಖ್ಯ ಕಾರಣ.

ಕೊಂಡ ಬೆಲೆಯಿಂದ, ಮುಂದೆ ಮಾರಿದಾಗ ಬರಬಹುದಾದ ಹಣವನ್ನು ಕಳೆದರೆ ದೊರೆಯುವುದು ಸವಕಳಿ. ಅದಕ್ಕೆ ಇಂಧನ, ವಿಮೆ, ದುರಸ್ತಿಗಳ ವೆಚ್ಚವನ್ನು ಕೂಡಿಸಿ, ಒಟ್ಟು ಓಡುವ ಕಿಲೋಮೀಟರುಗಳಿಂದ ಭಾಗಿಸಿದರೆ ನಿಜವಾದ ವೆಚ್ಚ ತಿಳಿಯುತ್ತದೆ. ಕಡಮೆ ಓಡಿಸುವ ಸಂಸಾರಕ್ಕೆ ಸವಕಳಿಯೇ ದೊಡ್ಡ ಹೊರೆ. ಓಡಾಟ ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಬೆಳೆಯುತ್ತದೆ. ಆದುದರಿಂದ ನಮ್ಮ ಓಡಾಟವೆಷ್ಟೆಂಬುದನ್ನು ಮೊದಲು ಬರೆದಿಟ್ಟುಕೊಂಡು, ಆಮೇಲೆ ಮಾರಾಟಗಾರನ ಬಳಿಗೆ ಹೋಗುವುದು ಲೇಸು.