ನೋವು ಇಳಿಸುವುದೂ ಚಿಕಿತ್ಸೆಯೇ

ದೊಡ್ಡಬಳ್ಳಾಪುರದಿಂದ ಬರೆದಿರುವ ತಾಯಿ,

ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಇಳಿಸುವ ಆರೈಕೆ) ಎಂದರೆ ಡಾಕ್ಟರು ಕೈಬಿಟ್ಟ ಹಾಗೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಿಮ್ಮ ಯಜಮಾನರಂತೆಯೇ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಮಂದಿಯನ್ನು ಬಾಸ್ಟನ್ನಿನಲ್ಲಿ ಎರಡು ಗುಂಪು ಮಾಡಿ ನೋಡಿದರು; ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಈ ಆರೈಕೆಯನ್ನೂ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು. ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳು ದಾಟಿದರು. ಇನ್ನೊಂದು ಗುಂಪಿನಲ್ಲಿ ಅದು 8.9. ಇದು ಗುಂಪಿನ ಲೆಕ್ಕ, ನಿಮ್ಮ ಯಜಮಾನರ ಆಯಸ್ಸನ್ನು ಇದರಿಂದ ಅಳೆಯಬೇಡಿ.

ಈಗ ಆಸ್ಪತ್ರೆಯವರು ಇಂಥದೇ ಅಧ್ಯಯನಕ್ಕೆ ಸಹಿ ಕೇಳಿದ್ದಾರೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಓದಿಸಿಕೊಳ್ಳಿ. ಯಾವ ಗುಂಪಿಗೆ ಬಿದ್ದರೂ ಈಗಿನ ಚಿಕಿತ್ಸೆ ಮುಂದುವರಿಯುತ್ತದೆಯೇ, ಬಸ್ಸಿನ ಖರ್ಚು ಯಾರದು ಎಂದು ಕೇಳಿ. ಬೇಡವೆನ್ನಿಸಿದರೆ ನಡುವೆಯೇ ಬಿಡಬಹುದು. ಅದಕ್ಕಾಗಿ ಆಸ್ಪತ್ರೆಯವರು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಸಹಿ ಹಾಕಬೇಕಾದವರು ನಿಮ್ಮ ಮಗನಲ್ಲ, ಯಜಮಾನರೇ. ಕಾಯಿಲೆಯ ಹೆಸರನ್ನು ಅವರಿಂದ ಮುಚ್ಚಿಟ್ಟಿದ್ದೀರಿ ಎಂದು ಬರೆದಿದ್ದೀರಲ್ಲ, ಮೊದಲು ಡಾಕ್ಟರ ಎದುರೇ ನಿಧಾನವಾಗಿ ಆ ಮಾತು ಆಗಲಿ.

ರಾತ್ರಿಯ ನೋವನ್ನು ಮಾತ್ರ ಅಧ್ಯಯನಕ್ಕಾಗಿ ಕಾಯಿಸಬೇಡಿ. ಮಾರ್ಫಿನ್ ಮಾತ್ರೆಗೆ ಹೆದರಬೇಡಿ. ವೈದ್ಯರು ಹೇಳಿದಷ್ಟೇ ಕೊಟ್ಟರೆ ಚಟ ಹತ್ತುವ ಭಯ ಬಹಳ ಕಡಿಮೆ. ಅದರಿಂದಾಗುವ ಮಲಬದ್ಧತೆಗೆ ಔಷಧಿಯನ್ನು ಜೊತೆಗೇ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಇಳಿಸುವ ಆರೈಕೆಗೆಂದೇ ವಿಭಾಗವಿದೆ. ಮನೆಯಲ್ಲಿ ನಿಭಾಯಿಸಲಾಗದಿದ್ದರೆ ಅಲ್ಲೇ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಎಂಬ ಆರೈಕೆ ಕೇಂದ್ರವನ್ನು ವಿಚಾರಿಸಿ; ಅಲ್ಲಿ ಕ್ಯಾನ್ಸರ್ ರೋಗಿಗಳಿಂದ ಹಣ ಪಡೆಯುವುದಿಲ್ಲ.