ಅನಿಮೇಷನ್ ಕಿರುಚಿತ್ರದ ಶಬ್ದವಿನ್ಯಾಸ ಮತ್ತು ಕನ್ನಡದ ಅನುಕರಣ ಪದಗಳು

ಕ್ಯಾಮೆರಾದ ಮುಂದೆ ನಡೆಯುವ ದೃಶ್ಯಕ್ಕೆ ಅದರದೇ ಆದ ಸದ್ದು ಅಂಟಿಕೊಂಡಿರುತ್ತದೆ. ಅನಿಮೇಷನ್ ಚಿತ್ರಕ್ಕೆ ಆ ಅನುಕೂಲವಿಲ್ಲ. ಬರೆದ ಬಾಗಿಲು ಕಿರುಗುಟ್ಟುವುದಿಲ್ಲ. ಬರೆದ ಮಳೆಗೆ ಸದ್ದಿಲ್ಲ. ಇಲ್ಲಿ ಕೇಳಿಬರುವ ಪ್ರತಿಯೊಂದು ಶಬ್ದವೂ ಯಾರೋ ಆಯ್ದು ಇರಿಸಿದ್ದೇ ಆಗಿರುತ್ತದೆ. ಈ ಆಯ್ಕೆಗೆ ಭಾಷೆಯ ಅಧ್ಯಯನದಿಂದ ಒದಗಬಹುದಾದುದೇನು ಎಂಬುದನ್ನು, ವಿದ್ಯಾರ್ಥಿಗಳು ತಯಾರಿಸುವ ಎರಡು ಮೂರು ನಿಮಿಷಗಳ ಕಿರುಚಿತ್ರಗಳನ್ನು ಗಮನದಲ್ಲಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1928ರಲ್ಲಿ ತೆರೆಕಂಡ ಡಿಸ್ನಿಯ ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಪಾತ್ರಗಳ ಚಲನೆಯನ್ನು ಸಂಗೀತದ ತಾಳಕ್ಕೆ ಹೊಂದಿಸಲಾಯಿತು. ಹೆಜ್ಜೆಹೆಜ್ಜೆಗೂ ವಾದ್ಯ ಜೊತೆಗೂಡುವ ಈ ಕ್ರಮಕ್ಕೆ ಮುಂದೆ ‘ಮಿಕ್ಕಿ ಮೌಸಿಂಗ್’ ಎಂಬ ಹೆಸರೇ ಬಂದಿತು. ಹಾಲಿವುಡ್‌ನ ಜ್ಯಾಕ್ ಫೋಲಿಯ ಹೆಸರಿನಲ್ಲಿ ಪ್ರಸಿದ್ಧವಾದ ಇನ್ನೊಂದು ಪದ್ಧತಿಯಲ್ಲಿ, ತೆರೆಯ ಮೇಲಿನ ಚಲನೆಯನ್ನು ನೋಡುತ್ತಲೇ ಕೈಗೆ ಸಿಕ್ಕ ವಸ್ತುಗಳಿಂದ ಸದ್ದು ಹುಟ್ಟಿಸಲಾಗುತ್ತದೆ. ಕುದುರೆಯ ಗೊರಸಿಗೆ ತೆಂಗಿನ ಕರಟ ಸಾಕಾಗುತ್ತದೆ. ಸದ್ದು ವಸ್ತುವಿನ ನಕಲಾಗಬೇಕಿಲ್ಲ, ಕೇಳುವವರು ಅದನ್ನು ಆ ವಸ್ತುವಿನದೆಂದು ಒಪ್ಪಿದರಾಯಿತು.

ಭಾಷೆ ಮಾಡುವುದೂ ಇದನ್ನೇ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅನುಕರಣ ಪದಗಳನ್ನು ಅವ್ಯಯಗಳ ಸಾಲಿನಲ್ಲಿ ಸೇರಿಸಿದ್ದಾನೆ. ಆದರೆ ಈ ಪದಗಳ ವ್ಯಾಪ್ತಿ ಹೆಸರು ಸೂಚಿಸುವುದಕ್ಕಿಂತ ಹಿರಿದು. ಕನ್ನಡದಲ್ಲಿ ಮಳೆ ‘ಧೋ’ ಎಂದು ಸುರಿಯುತ್ತದೆ, ‘ಪಟಪಟ’ ಹನಿಯುತ್ತದೆ, ‘ಜಿಟಿಜಿಟಿ’ ಹಿಡಿಯುತ್ತದೆ. ಮಾಡಿನಿಂದ ‘ತೊಟ್ ತೊಟ್’ ಎಂದು ಸೋರುತ್ತದೆ. ‘ಧೋ’ ಎಂಬಲ್ಲಿ ಹನಿಗಳನ್ನು ಬಿಡಿಸಿ ಕೇಳಲಾಗದ ರಭಸವಿದೆ. ‘ಜಿಟಿಜಿಟಿ’ಯಲ್ಲಿ ಸದ್ದಿಗಿಂತ ಮುಗಿಯದ ಬೇಸರವೇ ಹೆಚ್ಚು. ‘ತೊಟ್ ತೊಟ್’ ಎಂಬಲ್ಲಿ ಎರಡು ಹನಿಗಳ ನಡುವಿನ ಮೌನವೇ ಮುಖ್ಯ. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರದಲ್ಲಿ ಎರಡು ಸೆಕೆಂಡುಗಳ ಆ ಮೌನವೆಂದರೆ 48 ಚೌಕಟ್ಟುಗಳ ಕಾಯುವಿಕೆ. ಸದ್ದೇ ಇಲ್ಲದ ಬೆಳಕಿಗೂ ಕನ್ನಡ ‘ಥಳಥಳ’, ‘ಮಿಣಮಿಣ’ ಎನ್ನುತ್ತದೆ. ಮಿನುಗುವ ನಕ್ಷತ್ರಕ್ಕೆ ಕಿರುಗಂಟೆಯ ನಾದ ಕೂಡಿಸುವ ಅನಿಮೇಷನ್ ಕಲಾವಿದನದೂ ಇದೇ ದಾರಿ.

ಹೆಂಚಿನ ಮನೆಯನ್ನು ಚಿತ್ರಿಸಿದ ವಿದ್ಯಾರ್ಥಿ ಅಂತರಜಾಲದ ಶಬ್ದಸಂಗ್ರಹದಲ್ಲಿ ‘ಮಳೆ’ ಎಂದು ಹುಡುಕಿದರೆ ಯಾವುದೋ ದೇಶದ, ಯಾವುದೋ ಛಾವಣಿಯ ಮಳೆ ದೊರೆಯುತ್ತದೆ. ಹೆಂಚು, ಸೋಗೆ, ತಗಡು ಇವುಗಳ ಮೇಲಿನ ಮಳೆ ಒಂದೇ ಅಲ್ಲವೆಂಬುದು ಊರಿನ ಕಿವಿಗೆ ತಿಳಿದಿದೆ. ಚಿತ್ರ ಕಣ್ಣಿಗೆ ನಮ್ಮದೆನಿಸಿದರೂ ಕಿವಿಗೆ ಪರಕೀಯವಾಗುವುದು ಇಂತಹ ಕಡೆಯಲ್ಲಿಯೇ. ಆದ್ದರಿಂದ ಸಂಗ್ರಹವನ್ನು ತೆರೆಯುವ ಮೊದಲು ಸ್ಟೋರಿಬೋರ್ಡಿನ ಪ್ರತಿ ದೃಶ್ಯದ ಎದುರಿಗೆ ಬೇಕಾದ ಸದ್ದನ್ನು ಅನುಕರಣ ಪದದಲ್ಲಿಯೇ ಬರೆದುಕೊಳ್ಳುವುದು ಉಪಯುಕ್ತ. ‘ಬಾಗಿಲ ಸದ್ದು’ ಎಂದು ಬರೆದರೆ ಏನೂ ತಿಳಿಯದು. ‘ಕಿರ್ರ್’ ಅಥವಾ ‘ಧಡಾರ್’ ಎಂದು ಬರೆದಾಗ ಬಾಗಿಲಿನ ಜೊತೆಗೆ ತೆರೆದವರ ಮನಃಸ್ಥಿತಿಯೂ ನಿರ್ಧಾರವಾಗಿರುತ್ತದೆ. (ಬರೆಯಲು ಏನೂ ತೋಚದ ದೃಶ್ಯಕ್ಕೆ ಸಂಗೀತವನ್ನು ಹೊದಿಸಿಬಿಡುವುದು ವಿದ್ಯಾರ್ಥಿ ಚಿತ್ರಗಳ ಸಾಮಾನ್ಯ ದೌರ್ಬಲ್ಯ, ಆ ದೃಶ್ಯ ಮೌನವಾಗಿದ್ದರೇ ಲೇಸು.)

ತೆರೆಯಾಚೆಯ ಸದ್ದಿನ ಪ್ರಯೋಜನ ಇನ್ನೂ ಹೆಚ್ಚಿನದು. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಹತ್ತು ಸೆಕೆಂಡುಗಳ ಬಸ್ಸಿನ ದೃಶ್ಯಕ್ಕೆ 120 ಚಿತ್ರಗಳು ಬೇಕು. ಮುದುಕಿಯ ಮುಖವೊಂದನ್ನೇ ನಿಲ್ಲಿಸಿ, ಬಸ್ಸು ಬಂದು ನಿಂತು ಯಾರನ್ನೂ ಇಳಿಸದೆ ಹೊರಟ ಸದ್ದನ್ನಷ್ಟೇ ಕೇಳಿಸಿದರೆ ಶ್ರಮವೂ ಉಳಿಯುತ್ತದೆ, ಅವಳ ಕಾಯುವಿಕೆಯೂ ತಿಳಿಯುತ್ತದೆ. ಕಾವ್ಯಮೀಮಾಂಸೆಯ ಪರಿಚಯವುಳ್ಳವರು ಇದನ್ನು ‘ಧ್ವನಿ’ ಎಂದು ಕರೆದರೆ ಅದು ಕೇವಲ ಶ್ಲೇಷೆಯಾಗದು.

ಇನ್ನೊಂದು ತೊಡಕಿದೆ. ಬೀಸುಕಲ್ಲಿನ ‘ಗರಗರ’ ಪದವಾಗಿ ಉಳಿದಿದೆ. ಆ ಸದ್ದನ್ನು ಕೇಳಿದ ಕಿವಿಗಳು ಕಡಮೆಯಾಗುತ್ತಿವೆ. ಅಂತಹ ದೃಶ್ಯವನ್ನು ಬರೆದ ವಿದ್ಯಾರ್ಥಿ ಬೀಸುಕಲ್ಲು ಇನ್ನೂ ತಿರುಗುವ ಮನೆಯನ್ನು ಹುಡುಕಿ ಹೋಗಬೇಕಾಗುತ್ತದೆ. ಅಲ್ಲಿ ಮಾಡಿದ ಧ್ವನಿಮುದ್ರಣದೊಂದಿಗೆ ಊರು, ದಿನಾಂಕ, ಆ ಸದ್ದಿಗೆ ಅಲ್ಲಿಯವರು ಬಳಸುವ ಮಾತು ಇವನ್ನೂ ದಾಖಲಿಸಿದರೆ, ಚಿತ್ರಕ್ಕೆ ಬೇಕಾದ ಹತ್ತು ಸೆಕೆಂಡುಗಳ ಆಚೆಗೆ ಉಳಿಯುವ ಭಾಗ ಉಪಭಾಷೆಗಳ ಸಂಶೋಧಕರಿಗೆ ಆಕರವಾಗುತ್ತದೆ.