ಐದು ನಿಮಿಷದ ಔಷಧಿ

ಸಾಹಿತ್ಯ ಸಂಘದ ಪತ್ರಿಕೆಗೆ ಜೀವರಸಾಯನದ ವಿದ್ಯಾರ್ಥಿ ಏನು ಬರೆದಾನು ಎಂದು ನಗಬೇಡಿ, ಗೆಳೆಯರೇ. ಇದು ನಮ್ಮ ಮನೆಯ ಕಥೆಯೂ ಹೌದು; ತಂಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹೋದ ವರ್ಷ ಇಲ್ಲೇ ಹೈದರಾಬಾದಿನಲ್ಲಿ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಆಪರೇಷನ್ ಮುಗಿಯಿತು, ಅಮ್ಮ ಮಾತ್ರ ಉಸಿರಾಡಲಿಲ್ಲ. ಐದು ಗಂಟೆ ಯಂತ್ರವೇ ಅವಳಿಗಾಗಿ ಉಸಿರಾಡಿತು. ಆಮೇಲೆ ಸರಿಹೋದಳು, ಅನ್ನಿ. ಹೊರಗಿನ ಬೆಂಚಿನ ಮೇಲೆ ನಾವು ಹೇಗೆ ಕೂತಿದ್ದೆವೋ ದೇವರೇ ಬಲ್ಲ.

ಕಾರಣ ಸಕ್ಸಿನಿಲ್‌ಕೋಲೀನ್ ಎಂಬ ಔಷಧಿ. ಗಂಟಲಿಗೆ ನಳಿಕೆ ಇಳಿಸುವಾಗ ಸ್ನಾಯುಗಳು ಸಡಿಲವಾಗಲೆಂದು ಕೊಡುತ್ತಾರೆ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ (ಹೆಸರು ಹೇಳುವಷ್ಟರಲ್ಲಿ ಅದರ ಕೆಲಸವೇ ಮುಗಿದಿರುತ್ತದೆ!) ಎಂಬ ಕಿಣ್ವ ಅದನ್ನು ಐದು-ಹತ್ತು ನಿಮಿಷದಲ್ಲಿ ನಿಷ್ಕ್ರಿಯ ಮಾಡುತ್ತದೆ. ಕಿಣ್ವ ಕೆಲಸ ಮಾಡದವರಲ್ಲಿ ಔಷಧಿ ಗಂಟೆಗಟ್ಟಲೆ ಉಳಿದುಬಿಡುತ್ತದೆ. ಎದೆಯ ಸ್ನಾಯುಗಳೂ ಏಳುವುದಿಲ್ಲ. ಇದು ವಂಶದಿಂದ ಬರುವ ವ್ಯತ್ಯಾಸವೆಂದು ಟೊರಾಂಟೊದ ವರ್ನರ್ ಕಾಲೋ 1950ರ ದಶಕದಲ್ಲೇ ತೋರಿಸಿದ್ದರು. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದವರೂ ಇದ್ದ ಒಂದು ತಂಡ ನಮ್ಮ ವೈಶ್ಯರಲ್ಲಿ ಇದರ ಮೂಲ ಹಿಡಿಯಿತು: ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸೀನ್ ಇರಬೇಕಾದ ಕಡೆ ಪ್ರೋಲೀನ್. ತಲೆಮಾರುಗಳಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದದ್ದರಿಂದ ಈ ತಪ್ಪು ನಮ್ಮಲ್ಲೇ ಸುತ್ತುತ್ತಿದೆ. ಅಮ್ಮನ ತಂದೆತಾಯಿಯದೂ ಸೋದರಿಕೆಯ ಮದುವೆ.

ಈಗ ಲೆಕ್ಕ. ಈ ಜೀನು ನಮ್ಮಲ್ಲಿ ಜೋಡಿಯಾಗಿರುತ್ತದೆ. ಎರಡೂ ಕೆಟ್ಟರೆ ಮಾತ್ರ ದೊಡ್ಡ ತೊಂದರೆ. ಅಮ್ಮನದು ಎರಡೂ ಹಾಗೆ. ಅಂದಮೇಲೆ ನನಗೂ ತಂಗಿಗೂ ಒಂದೊಂದು ಬಂದೇ ಬಂದಿದೆ. ಇನ್ನೊಂದು ಅಪ್ಪನ ಕಡೆಯದು. ಅಪ್ಪನಲ್ಲೂ ಒಂದು ಕೆಟ್ಟದ್ದಿದ್ದರೆ ನಮ್ಮಿಬ್ಬರಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ರಕ್ತಪರೀಕ್ಷೆ ಮಾಡಿಸಿದೆವು. ನನ್ನ ಕಿಣ್ವ ಸುಮಾರು ಅರ್ಧ. ತಂಗಿಯದು ಇಲ್ಲವೆನ್ನುವಷ್ಟು.

ಗಾಬರಿಯಾಗಬೇಕಾದ್ದಿಲ್ಲ. ದಿನನಿತ್ಯದ ಬದುಕಿಗೆ ಇದರಿಂದ ಏನೂ ತೊಡಕಿಲ್ಲ. ಅರಿವಳಿಕೆಯ ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ರೋಕುರೋನಿಯಂನಂಥ ಬೇರೆ ಔಷಧಿ ಕೊಡುತ್ತಾರೆ, ಅಷ್ಟೆ. ಆದರೆ ಗೊತ್ತಿರಬೇಕಲ್ಲ! ಬಳ್ಳಾರಿಯಿಂದ ಬಂದ ಅಜ್ಜಿ, "ಹುಡುಗಿ ಮದುವಿ ಆಗೋ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಪ್ಪಾ" ಅಂದಳು. ಅವಳ ಭಯ ಸುಳ್ಳಲ್ಲ. ಇಂಥ ಮಾತಿಗೇ ಮುರಿದ ಸಂಬಂಧಗಳನ್ನು ಆಕೆ ಕಂಡವಳು. ನಾಳೆ ರಸ್ತೆಯಲ್ಲಿ ಬಿದ್ದು, ಗುರುತಿಲ್ಲದವರು ಆಸ್ಪತ್ರೆಗೆ ಸೇರಿಸಿದರೆ ಹೇಳುವವರು ಯಾರು ಎಂಬ ನನ್ನ ಭಯವೂ ಸುಳ್ಳಲ್ಲ. ನಾವಿಬ್ಬರೂ ಎರಡು ದಿನ ವಾದ ಮಾಡಿದೆವು.

ಅಷ್ಟರಲ್ಲಿ ತಂಗಿ ತಾನೇ ಒಂದು ಚೀಟಿಯಲ್ಲಿ ಆ ಔಷಧಿಯ ಹೆಸರು, ಕೊಡಬಾರದೆಂಬ ಮಾತು, ನನ್ನ ಫೋನ್ ನಂಬರು ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದಳು. ತೆಲುಗಿನಲ್ಲೂ ಇಂಗ್ಲಿಷಿನಲ್ಲೂ. "ಕನ್ನಡದಾಗ ನೀನು ಬರಿ ಅಣ್ಣಾ, ನಿಮ್ಮ ಪತ್ರಿಕೆಗೆ" ಅಂದಳು.